ಏಳು ಮನೆಯ ಊಟ, ಒಂದು ಹಾಳೆಯ ಅರ್ಜಿ

ಜಾಹೀರಾತನ್ನು ಕತ್ತರಿಸಿ ತಂದುಕೊಟ್ಟವರು ಬನಹಟ್ಟಿಯ ನೂಲಿನ ವ್ಯಾಪಾರಿ ಬಸಗೊಂಡಪ್ಪನವರು. ಅವರ ಅಂಗಡಿಯಲ್ಲೇ ಶ್ರೀಧರ ಲೆಕ್ಕ ಬರೆಯುತ್ತಿದ್ದ. ದೀಪಾವಳಿಯ ನಂತರ ಅವನು ಕೂರುವ ಗಾದಿಯ ಮೇಲೆ ಬಸಗೊಂಡಪ್ಪನವರ ಅಳಿಯ ಬಂದು ಕೂರುವುದು ನಿಶ್ಚಯವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಆದ್ದರಿಂದ ತಿಂಗಳುಗಟ್ಟಲೆ ಮುಂಬಯಿಯ ಪತ್ರಿಕೆ ತರಿಸಿ, ಕನ್ನಡಕ ಏರಿಸಿಕೊಂಡು, ತಮಗೆ ಬಾರದ ಇಂಗ್ಲಿಷಿನಲ್ಲಿ ಹುಡುಗನಿಗೊಂದು ನೌಕರಿ ಹುಡುಕಿದ್ದರು.

"ಇದರಾಗ ಗಿರಣಿ ಚಿತ್ರ ಐತಿ ನೋಡು ತಮ್ಮಾ. ನಿನಗ ಹೊಂದತೈತೇನೋ," ಎಂದರು.

ಹೊಂದುತ್ತಿತ್ತು. ಬಟ್ಟೆಯ ಗಿರಣಿಗಳಿಗೂ ನೇಕಾರರ ಸಹಕಾರಿ ಸಂಘಗಳಿಗೂ ವ್ಯವಹಾರದ ಸಲಹೆ ಕೊಡುವ ಕಂಪನಿಯೊಂದಕ್ಕೆ ಕನ್ನಡ, ಮರಾಠಿ ಎರಡೂ ಬಲ್ಲ ಕಿರಿಯ ಸಲಹೆಗಾರ ಬೇಕಾಗಿದ್ದ. ಅರ್ಜಿ ಒಂದೇ ಹಾಳೆಯಲ್ಲಿ ಇರಬೇಕು, ಎರಡನೆಯದನ್ನು ಓದುವುದಿಲ್ಲ ಎಂದು ಕೆಳಗೆ ಅಚ್ಚಾಗಿತ್ತು. ಈ ನೌಕರಿ ಸಿಕ್ಕರೆ ಬೀಳಗಿಯಲ್ಲಿ ಪರರ ಮನೆಯ ಹಪ್ಪಳ ಲಟ್ಟಿಸುತ್ತಿದ್ದ ತಾಯಿಯನ್ನು ಕರೆದುಕೊಂಡು ಹೋಗಬಹುದು. ಸಿಗದಿದ್ದರೆ ತಾನೂ ಹಪ್ಪಳದ ಹಿಟ್ಟು ಕುಟ್ಟಬೇಕು.

ರವಿವಾರ ಬಸ್ಸು ಹತ್ತಿ ಜಮಖಂಡಿಗೆ ಬಂದ. ಅಲ್ಲಿ ನಾರಾಯಣರಾಯರಿದ್ದರು. ಸಂಸ್ಥಾನವಿದ್ದಾಗ ದಫ್ತರಿನಲ್ಲಿ ಅರ್ಜಿ ಬರೆದೇ ಕೂದಲು ಬೆಳ್ಳಗಾದವರು. ಸಂಸ್ಥಾನ ಮುಂಬಯಿ ಸರ್ಕಾರಕ್ಕೆ ಸೇರಿ ಐದು ವರ್ಷವಾಗಿದ್ದರೂ ಅವರ ತಲೆಯ ಮೇಲಿನ ದರ್ಬಾರಿ ಟೋಪಿಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಅವರ ಹೆಂಡತಿ ಕೃಷ್ಣಾಬಾಯಿ, ಶ್ರೀಧರನ ಸೋಮವಾರದ ಕಾಕು.

ಕಾಕು ಅಂದರೆ ಚಿಕ್ಕಮ್ಮ; ಸೋಮವಾರದ ಕಾಕು ಎಂದರೆ, ಶ್ರೀಧರ ಜಮಖಂಡಿಯಲ್ಲಿ ವಾರಾನ್ನದ ಮೇಲೆ ಓದಿದವನು. ತಂದೆಯಿಲ್ಲದ ಹುಡುಗನಿಗೆ ಏಳು ಮನೆಯವರು ವಾರಕ್ಕೊಂದು ದಿನದಂತೆ ಎಲೆ ಹಾಕಿದ್ದರು. ಸೋಮವಾರ ಇಲ್ಲಿ, ಗುರುವಾರ ಹಿಂದಿನ ಓಣಿಯ ಮಥುರಾಬಾಯಿಯವರಲ್ಲಿ, ಹೀಗೆ. ಆಮೇಲೆ ವಿದ್ಯಾರ್ಥಿವೇತನ ಸಿಕ್ಕು ಪುಣೆಗೆ ಹೋಗಿ ಬಿ.ಕಾಂ. ಆದ. ಪುಣೆಯ ಗೆಳೆಯರು ಕೇಳಿದಾಗ ಮಾತ್ರ, ತಾನು ಸೋದರಮಾವನ ಮನೆಯಲ್ಲಿದ್ದು ಓದಿದೆ ಎಂದು ಹೇಳುತ್ತಿದ್ದ. ಅವನಿಗೆ ಸೋದರಮಾವನೇ ಇರಲಿಲ್ಲ.

ನೌಕರಿ ಏನೆಂದು ಕೇಳಿದ ಕೃಷ್ಣಾಬಾಯಿ ಬಹಳ ಹೊತ್ತು ನಂಬಲಿಲ್ಲ. ಸಲಹೆ ಕೊಟ್ಟದ್ದಕ್ಕೆ ಪಗಾರವೇ? ಜಮಖಂಡಿಯಲ್ಲಿ ಬೇಡವೆಂದರೂ ಮನೆಯ ತನಕ ಬಂದು ಕೊಟ್ಟುಹೋಗುತ್ತಾರಲ್ಲ, ಎಂದರು. ನಾರಾಯಣರಾಯರು ಆಗಲೇ ಹಾಳೆ ಎಳೆದುಕೊಂಡು ಕಂಪನಿಗೆ ನಮಸ್ಕಾರ ಬರೆಯತೊಡಗಿದ್ದರು. ನಮಸ್ಕಾರ ಮುಗಿಯುವಷ್ಟರಲ್ಲಿ ಅರ್ಧ ಹಾಳೆ ಮುಗಿದಿತ್ತು. ಮುಂದೆ ಗೋತ್ರ, ಅದಾದ ಮೇಲೆ ಶ್ರೀಧರನ ಅಜ್ಜ ಅರಮನೆಯಲ್ಲಿ ಪುರಾಣ ಹೇಳಿ ಶಾಲು ಹೊದಿಸಿಕೊಂಡ ಪ್ರಸಂಗ.

ಗೋತ್ರ ಬೇಡವೇನೋ ಎಂದು ಶ್ರೀಧರ ಮೆಲ್ಲಗೆ ಹೇಳಿ ನೋಡಿದ. ಕನ್ಯೆ ಕೊಡುವವರಿಗೇ ಬೇಕಾಗುವಾಗ ಪಗಾರ ಕೊಡುವವರಿಗೆ ಬೇಡವೇ ಎಂದು ರಾಯರು ಕೇಳಿದರು.

ಆಗ ಕೃಷ್ಣಾಬಾಯಿ ಅಂದರು, "ಸೋಮವಾರ ನಮ್ಮನ್ಯಾಗ ಉಂಡಾನ ಅಂತನೂ ಬರೀರಿ. ಮನಿತನ ತಿಳೀಲಿ."

ಮಾತು ಕಿಟಕಿ ದಾಟಿ ಹಿಂದಿನ ಓಣಿಗೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ವಲ್ಪದರಲ್ಲೇ ಮಥುರಾಬಾಯಿ ಸೆರಗು ಹೊದ್ದುಕೊಂಡು ಬಂದು ಪಡಸಾಲೆಯ ಕಂಬದ ಹತ್ತಿರ ನಿಂತರು. ಅವರು ಆ ಮನೆಯ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು. ಹಿಂದೊಮ್ಮೆ ಕೃಷ್ಣಾಬಾಯಿ ಅರಿಷಿಣ ಕುಂಕುಮಕ್ಕೆ ಕರೆಯಲು ಕಳಿಸಿದ ಹುಡುಗಿ ದಾರಿಯಲ್ಲಿ ಆಟಕ್ಕೆ ನಿಂತು ಮಥುರಾಬಾಯಿಯ ಮನೆ ಮರೆತಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಶ್ರೀಧರಾ, ಅವರಿಗೆ ಹೇಳು," ಎಂದು ಮಥುರಾಬಾಯಿ ಕಂಬವನ್ನು ನೋಡುತ್ತ ಹೇಳಿದರು. "ಸೋಮವಾರ ಬರದ್ರ ಗುರುವಾರನೂ ಬರೀಬೇಕಂತ."

"ಶ್ರೀಧರಾ, ಅವರಿಗೆ ಹೇಳು. ಹಾಳಿ ಒಂದs ಅದ ಅಂತ," ಎಂದರು ಕೃಷ್ಣಾಬಾಯಿ.

ನಡುವೆ ಕುಳಿತ ಶ್ರೀಧರನಿಗೆ ಇದು ಹೊಸತಲ್ಲ. ಶಾಲೆಯ ದಿನಗಳಲ್ಲಿ ಎರಡೂ ಮನೆಯ ನಡುವೆ ಅವನೇ ಅಂಚೆ, ಹೇಳಿ ಕಳಿಸಿದ ಮಾತನ್ನು ದಾರಿಯಲ್ಲೇ ಬಿಡುವ ಅಂಚೆ. ಆದರೆ ಈಗ ಇಬ್ಬರೂ ಎದುರಿಗಿದ್ದರು. ಅದೇ ಅಪಾಯವಾಯಿತು. ತನ್ನ ಗುರುವಾರ ಎಂಥದೆಂದು ತೋರಿಸಲು ಮಥುರಾಬಾಯಿ ಕಂಬಕ್ಕೆ ಒಂದು ಸಂಗತಿ ಹೇಳಿದರು. ಒಲೆಯನ್ನು ಬೆಳಕಿಂಡಿಯ ಕೆಳಗೆ ಹಾಕಿದರೆ ನಿಮ್ಮ ಸಾರಿನ ವಾಸನೆ ಓಣಿ ತುಂಬ ಹೋಗುತ್ತದೆ ಮಾವಶಿ, ಎಂದು ಹುಡುಗ ಹೇಳಿದ್ದನಂತೆ. ಅಂಥ ಸಾರು ಅದು. ಒಲೆ ಕಿತ್ತು ಬೆಳಕಿಂಡಿಯ ಕೆಳಗೇ ಹಾಕಿಸಿದೆ, ಅಂದಿನಿಂದ ಕಣ್ಣುರಿಯೂ ಹೋಯಿತು ಎಂದರು.

ಕೃಷ್ಣಾಬಾಯಿ ಬಿಡುವವರೇ? ತಮ್ಮ ಹುಳಿ ಉಂಡವನೇ ಹುಡುಗ, ಉಪ್ಪು ಕಡಿಮೆ ಹಾಕಿ ಎಲೆಯ ತುದಿಗೆ ಬೇರೆ ಬಡಿಸುವುದು ಅರಮನೆಯ ಪದ್ಧತಿ, ನಿಮ್ಮ ಕೈಯಡಿಗೆಗೆ ಅದೇ ಶೋಭೆ ಎಂದಿದ್ದನಂತೆ.

ನಾರಾಯಣರಾಯರು ಲೇಖನಿ ಕೆಳಗಿಟ್ಟರು. "ಅರಮನ್ಯಾಗ ಅಂಥಾ ಪದ್ಧತಿ ಇರಲಿಲ್ಲ," ಎಂದರು. "ನಂಗ ಆಗs ಗೊತ್ತಿತ್ತು. ಹುಳಿ ಛಲೋ ಆಗ್ಲಿಕ್ಕೆ ಹತ್ತಿತ್ತು, ಅದಕ್ಕ ಸುಮ್ಮನಿದ್ದೆ."

ಇಬ್ಬರೂ ಹೆಂಗಸರು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಒಟ್ಟಿಗೆ ಶ್ರೀಧರನನ್ನು ನೋಡಿದರು.

"ಅಂದ್ರ ನನ್ನ ಅಡಿಗಿಮನಿ ಹೊಗಿಗೆ ಹಂಗಂದ್ಯೇನೋ, ಸಾರಿಗೆ ಅಲ್ಲ?" ಎಂದರು ಮಥುರಾಬಾಯಿ.

ಶ್ರೀಧರನಿಗೆ ಓಡಿಹೋಗಬೇಕೆನಿಸಿತು. ಆ ಗಾಬರಿಯಲ್ಲಿ, ಇಷ್ಟು ದಿನ ಬಚ್ಚಿಟ್ಟ ಮಾತು ಹೊರಬಿತ್ತು. "ಸೋಮವಾರನೂ ಬ್ಯಾಡ, ಗುರುವಾರನೂ ಬ್ಯಾಡರಿ. ಅದನ್ನೆಲ್ಲಾ ಬರದ್ರ ಮುಂಬಯಿ ಮಂದಿ ಇಂವಾ ಬೇಡಿ ಉಂಡಾವ ಅಂತಾರ."

ಅಂದ ಕೂಡಲೇ ಅವನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕೃಷ್ಣಾಬಾಯಿಯ ಮುಖ ಸಣ್ಣದಾಗಿತ್ತು.

"ಬೇಡಿದ್ದು ಯಾವಾಗೋ?" ಎಂದರು ಅವರು. "ನಾವು ಕರದಿದ್ವಿ."

"ಇಂವಾ ಬರೂದು ತಡಾ ಆದ್ರ ಬಾಗಲಿಗೆ ಬಂದು ನಿಲ್ತಿದ್ದೆ ನಾನು," ಎಂದರು ಮಥುರಾಬಾಯಿ. ಈ ಸಲ ಕಂಬಕ್ಕಲ್ಲ, ಕೃಷ್ಣಾಬಾಯಿಗೇ ಹೇಳಿದರು. ಕೃಷ್ಣಾಬಾಯಿ ತಾವು ಕುಳಿತ ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು.

ಶ್ರೀಧರ ರಾಯರಿಂದ ಹೊಸ ಹಾಳೆ ಕೇಳಿ ಪಡೆದು ತಾನೇ ಬರೆಯಲು ಕುಳಿತ. ನಮಸ್ಕಾರ ಒಂದು ಸಾಲಿಗಿಳಿಯಿತು. ಗೋತ್ರ ಹೋಯಿತು, ಅಜ್ಜನ ಶಾಲೂ ಹೋಯಿತು. ಬಿ.ಕಾಂ., ಬನಹಟ್ಟಿಯ ಲೆಕ್ಕ, ನೂಲಿನ ವ್ಯಾಪಾರದ ಪರಿಚಯ, ಇವಿಷ್ಟು ಉಳಿದವು. ಕೊನೆಗೆ ಬರೆದ: ‘ಜಮಖಂಡಿಯಲ್ಲಿ ಏಳು ಮನೆಗಳಲ್ಲಿ ದಿನಕ್ಕೊಂದು ಮನೆಯಂತೆ ಉಂಡು ಓದಿದ್ದೇನೆ. ಒಂದು ಮನೆಯ ಮಾತನ್ನು ಇನ್ನೊಂದಕ್ಕೆ ಒಯ್ದಿಲ್ಲ. ಏಳೂ ಮನೆಯವರು ಕೊನೆಯವರೆಗೆ ಕರೆದರು.’

ಯಾರ ಹೆಸರೂ ಇಲ್ಲದ್ದು ಇಬ್ಬರಿಗೂ ಸ್ವಲ್ಪ ಬೇಸರ. ಇನ್ನೊಬ್ಬರ ಹೆಸರೂ ಇಲ್ಲವೆಂದು ಸಮಾಧಾನ.

ಬೆಳಗಾವಿಯಲ್ಲಿ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಬಿ.ಕಾಂ. ಆದವರ ಸಾಲೇ ಇತ್ತು. ಕೆಲವರ ಕೊರಳಲ್ಲಿ ಟೈ ಇತ್ತು. ಕಂಪನಿಯ ಸಾಹೇಬರು, ಬೊಕ್ಕ ತಲೆಯ ಗುಜರಾತಿ ಗೃಹಸ್ಥರು, ಶ್ರೀಧರನ ಹಾಳೆಯ ಕೊನೆಯ ಸಾಲಿಗೆ ಬಂದು ನಿಂತರು. ಅಡಿಗೆ ಚೆನ್ನಾಗಿಲ್ಲದ ದಿನ ಏನು ಮಾಡುತ್ತಿದ್ದೆ ಎಂದು ಅವರು ಕೇಳಿದರು.

ಸೋದರಮಾವನ ಸುದ್ದಿ ಹೇಳುವ ಕಾಲ ಮುಗಿದಿತ್ತು. "ಮೊದಲು ಎಲೆಯಲ್ಲಿದ್ದದ್ದನ್ನು ಪೂರ್ತಿ ಉಣ್ಣುತ್ತಿದ್ದೆ, ಸಾಹೇಬರೇ," ಎಂದ ಮರಾಠಿಯಲ್ಲಿ. "ಹೇಳುವುದು ಆಮೇಲೆ."

ಸಾಹೇಬರು ನಗಲಿಲ್ಲ. ತಮ್ಮ ಕಂಪನಿಯ ಹಿರಿಯ ಸಲಹೆಗಾರರು ಎಲೆ ಹಾಕುವ ಮೊದಲೇ ಹೇಳಲು ಶುರು ಮಾಡುತ್ತಾರೆ, ಗಿರಣಿಯವರು ಎರಡನೆಯ ಸಲ ಕರೆಯುವುದಿಲ್ಲ ಎಂದರು. ಮುಂದಿನ ತಿಂಗಳು ಸೊಲ್ಲಾಪುರಕ್ಕೆ ಬಂದು ಕೆಲಸಕ್ಕೆ ಸೇರಬಹುದೇ ಎಂದು ಕೇಳಿದರು.

ಸುದ್ದಿ ಹೇಳಲು ಅವನು ಜಮಖಂಡಿಗೆ ಬಂದಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಪಗಾರ ಎಷ್ಟು, ಇರುವುದೆಲ್ಲಿ, ತಾಯಿಯನ್ನು ಯಾವಾಗ ಕರೆದೊಯ್ಯುತ್ತೀ ಎಂದು ಕೇಳುವುದೆಲ್ಲ ಆಮೇಲೆ. ಸಾಹೇಬರು ಕೇಳಿದ ಪ್ರಶ್ನೆ ಕೇಳಿಯೇ ಕೃಷ್ಣಾಬಾಯಿಯ ಕೈ ನಿಂತಿತು.

"ಅಡಿಗಿ ಛಲೋ ಇರದಿದ್ದದ್ದು ಯಾರ ಮನ್ಯಾಗೋ?"

ಶ್ರೀಧರ ಬಾಯಿ ತೆರೆಯುವಷ್ಟರಲ್ಲಿ ಮಥುರಾಬಾಯಿ ಅವನ ಕೈಗೆ ಒಂದು ಹಿಡಿ ಅವರೆಕಾಯಿ ಕೊಟ್ಟರು.

"ಹೇಳಬ್ಯಾಡೋ," ಎಂದರು. "ಬಂದ ನೌಕರಿ ಹೋಗ್ತದ."