ದಿನಕ್ಕೊಂದು ಅಡಿ

ನಗರಸಭೆಯ ಹೊಸ ನಿಯಮದ ಹಾಳೆಯನ್ನು, ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡಿಂಗ್ ಅಕ್ಕ ಮೂರು ಸಲ ಓದಿದಳು. ಮನೆಯಲ್ಲಿ ನಾಲ್ಕು ಕೋಳಿ ಸಾಕಬಹುದು, ಹುಂಜ ಕೂಡದು. ಮೇಕೆ, ಕುರಿ, ಹಂದಿ ಕೂಡದು. ಜೇನುಪೆಟ್ಟಿಗೆ ಇಡಬಹುದು, ಆದರೆ ಪಕ್ಕದ ಮನೆಯ ಕಾಂಪೌಂಡಿನಿಂದ ಹದಿನೈದು ಅಡಿ ದೂರವಿರಬೇಕು. ಅವಳ ಪೆಟ್ಟಿಗೆ ಇದ್ದದ್ದು ನಾಲ್ಕು ಅಡಿ ದೂರದಲ್ಲಿ. ಹಾಳೆಗೆ ಪಿನ್ನು ಹೊಡೆದಿದ್ದ ನೋಟೀಸಿನಲ್ಲಿ ಒಂದೇ ಸಾಲು: ಏಳು ದಿನದೊಳಗೆ ಸರಿಸದಿದ್ದರೆ ಜಪ್ತಿ.

"ಹುಂಜ ಕೂಡದು, ಹಂದಿ ಕೂಡದು... ಗಂಡಂದಿರ ಬಗ್ಗೆ ಏನೂ ಬರೆದಿಲ್ವಾ?" ಎಂದ ಅವಳ ಗಂಡ, ಶೂ ಲೇಸು ಕಟ್ಟುತ್ತಾ. ಅವನು ಸ್ಕೂಲ್ ವ್ಯಾನ್ ಓಡಿಸುತ್ತಿದ್ದ.

"ಒಬ್ಬನ್ನ ಇಟ್ಕೋಬಹುದಂತೆ. ಸದ್ದು ಮಾಡಬಾರದಂತೆ."

"ಹನ್ನೊಂದು ಅಡಿ ತಾನೆ? ಆ ಕಡೆ ನೀನು ಹಿಡಿ, ಈ ಕಡೆ ನಾನು. ಎರಡು ನಿಮಿಷದ ಕೆಲಸ."

"ಮುಟ್ಟಿದ್ರೆ ಕೈ ಮುರೀತೀನಿ."

ಅವಳು ತಮಾಷೆಗೆ ಹೇಳಿದ್ದಲ್ಲ. ನಾಲ್ಕು ವರ್ಷದ ಹಿಂದೆ, ಮೊದಲ ಪೆಟ್ಟಿಗೆ ತಂದ ಹೊಸದರಲ್ಲಿ, ಅಡುಗೆಮನೆ ಕಿಟಕಿಯ ಕೆಳಗಿದ್ದ ಅದನ್ನು ಬಿಸಿಲು ಹೆಚ್ಚಾಯಿತೆಂದು ಒಂದೇ ಸಲ ಮರದ ನೆರಳಿಗೆ ಒಯ್ದಿದ್ದಳು. ಮಾರನೆಯ ದಿನ ಮೇಯಲು ಹೋದ ಹುಳಗಳೆಲ್ಲ ಹಳೆಯ ಜಾಗಕ್ಕೇ ಬಂದು, ಬರಿಯ ಸಿಮೆಂಟಿನ ಮೇಲೆ ಮುದ್ದೆಗಟ್ಟಿ ಕೂತವು. ಮೂರು ದಿನ ಕಸದ ಮೊರದಲ್ಲಿ ಸತ್ತ ಹುಳ ಗುಡಿಸಿದ್ದಳು. ಹುಳಕ್ಕೆ ನೆನಪಿರುವುದು ಪೆಟ್ಟಿಗೆಯಲ್ಲ, ಜಾಗ. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಗುಡಿಸಿ ಗುಡಿಸಿ ಕಲಿತಳು. ಅಂದಿನಿಂದ ಅವಳ ಲೆಕ್ಕ ಒಂದೇ. ಸಂಜೆ ಹುಳಗಳೆಲ್ಲ ಒಳಸೇರಿದ ಮೇಲೆ ಪೆಟ್ಟಿಗೆ ಒಂದಡಿ ಸರಿಯಬೇಕು, ಹೆಚ್ಚಿಗೆ ಒಂದಂಗುಲವೂ ಇಲ್ಲ. ಒಂದಡಿಯಾದರೆ ಹುಳ ತಡವರಿಸಿಯಾದರೂ ಬಾಗಿಲು ಹುಡುಕಿಕೊಳ್ಳುತ್ತದೆ.

ಹನ್ನೊಂದು ಅಡಿಗೆ ಹನ್ನೊಂದು ದಿನ. ನಗರಸಭೆ ಕೊಟ್ಟದ್ದು ಏಳು.

ಸೋಮವಾರ ಸಂಜೆ ಮೊದಲ ಅಡಿ ಸರಿಸಿದಳು. ಮಂಗಳವಾರ ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ, ಇನ್ನು ನಾಲ್ಕು ದಿನ ಕೊಡಿ ಎಂದು ಕೇಳಲು ನಗರಸಭೆಗೆ ಹೋದಳು. ಕೌಂಟರಿನ ಗುಮಾಸ್ತ ಅರ್ಜಿಯನ್ನು ತಿರುಗಾ ಮುರುಗಾ ನೋಡಿದ.

"ಇದಕ್ಕೆ ಕಾಲಂ ಇಲ್ಲಮ್ಮ."

"ಕೆಳಗೆ ಜಾಗ ಇದೆಯಲ್ಲ, ಅಲ್ಲಿ ಬರ್ಕೊಳ್ಳಿ."

"ಅಲ್ಲಿ ಸೀಲ್ ಬರುತ್ತೆ."

ಅವಳು ಕೈಮುಗಿಯಲಿಲ್ಲ. ಅರ್ಜಿ ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗಿ ಮಧ್ಯಾಹ್ನದ ಪಾಳಿಯಲ್ಲಿ ಇನ್ನೂರು ಪುಸ್ತಕಕ್ಕೆ ರಟ್ಟು ಅಂಟಿಸಿದಳು.

ದೂರು ಕೊಟ್ಟವರು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರ್. ಅವರು ಬೆನ್ನ ಹಿಂದೆ ಕೆಲಸ ಮಾಡುವವರಲ್ಲ. ಕೊಟ್ಟ ದಿನವೇ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದ್ದರು. ಗುರುವಾರ ಪೆಟ್ಟಿಗೆ ಸರಿಸುವಾಗ ಮತ್ತೆ ತಲೆ ಹಾಕಿದರು.

"ನನ್ನ ಬಿಳಿ ಶರ್ಟೆಲ್ಲ ಹಳದಿ ಚುಕ್ಕೆ ಕಣಮ್ಮಾ! ನಿನ್ನ ಹುಳ ಹೇತು ಹೋಗಿರೋದು!"

"ಗೊತ್ತು ಸಾರ್. ತಪ್ಪು ನಮ್ದೇ. ಅದಕ್ಕೇ ಸರಿಸ್ತಾ ಇದೀನಿ."

"ಈ ವೇಗದಲ್ಲಿ ಸರಿಸಿದ್ರೆ ನಾನು ಸತ್ತ ಮೇಲೆ ಮುಟ್ಟುತ್ತೆ."

"ಇಲ್ಲ ಸಾರ್, ಬರೋ ಗುರುವಾರ ಮುಟ್ಟುತ್ತೆ. ಅಲ್ಲೀವರೆಗೆ ಸ್ವಲ್ಪ ಜೀವ ಹಿಡ್ಕೊಂಡಿರಿ."

ಹೆಡ್‌ಮಾಸ್ಟರು ಮೂತಿ ತಿರುವಿ ಒಳಗೆ ಹೋದರು.

ಎಂಟನೆಯ ದಿನ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಗರಸಭೆಯ ಇನ್‌ಸ್ಪೆಕ್ಟರ್ ಬಂದ. ಹಿಂದೆ ಇಬ್ಬರು ಕೆಲಸಗಾರರು, ಗೇಟಿನ ಹೊರಗೆ ಖಾಲಿ ಗಾಡಿ. ಸಣ್ಣ ವಯಸ್ಸಿನವನು, ಆ ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ್ದ. ಟೇಪು ಹಿಡಿದು ಅಳೆದ.

"ಹನ್ನೊಂದು ಅಡಿ ಇದೆ. ಇನ್ನು ನಾಲ್ಕೇ ಅಡಿ ತಾನೆ ಅಕ್ಕ? ಇವರು ಎತ್ತಿಡ್ತಾರೆ. ನಿಮಗೂ ನೆಮ್ಮದಿ, ನನಗೂ ನೆಮ್ಮದಿ."

"ಇಟ್ರೆ ಅರ್ಧ ಹುಳ ಸಾಯುತ್ತೆ."

"ನಾಲ್ಕು ಅಡಿಗಾ? ಎರಡು ಹೆಜ್ಜೆ ಅದು!" ಅವನಿಗೆ ರೇಗಿತು. "ನೋಡಿ, ನಾನು ಒಳ್ಳೆ ಮಾತಲ್ಲಿ ಹೇಳ್ತಿದೀನಿ. ಇಲ್ಲಾಂದ್ರೆ ಗಾಡಿಗೆ ಹಾಕಿಸ್ಬೇಕಾಗುತ್ತೆ."

ಗಾಡಿಗೆ ಹೋದ ಪೆಟ್ಟಿಗೆ ವಾಪಸು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಹಾಕಿಸಿ. ಆದ್ರೆ ಮೊದಲು ಕಾಲು ಗಂಟೆ ನಿಂತು ನೋಡಿ. ನೀವು ಹೇಳಿದ ಕಡೆ ನಾನೇ ಇಡ್ತೀನಿ."

ಒಬ್ಬ ಕೆಲಸಗಾರನನ್ನು ಕರೆದು, ಅಲುಗಿಸದೆ ಎತ್ತಿ, ಹದಿನೈದಡಿಯ ಗೆರೆಯ ಮೇಲೆ ಪೆಟ್ಟಿಗೆ ಇಳಿಸಿದಳು. ಹಳೆಯ ಜಾಗ ಖಾಲಿಯಾಯಿತು. ಎಲ್ಲರೂ ಹಿಂದೆ ಸರಿದು ನಿಂತರು. ಹೆಡ್‌ಮಾಸ್ಟರೂ ಕಾಂಪೌಂಡಿಗೆ ಮೊಣಕೈ ಊರಿದರು.

ಮೊದಲು ಒಂದು ಹುಳ ಬಂತು, ಹಿಂದೆಯೇ ಐದಾರು. ಕಾಲಿನಲ್ಲಿ ಹಳದಿ ಪರಾಗದ ಗುಳಿಗೆ. ಪೆಟ್ಟಿಗೆಯ ಬಾಗಿಲು ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಎತ್ತರಕ್ಕೆ ಬಂದು, ಏನೂ ಇಲ್ಲದ ಗಾಳಿಯಲ್ಲಿ ಬಾಗಿಲು ಹುಡುಕಿದವು. ಹತ್ತು ನಿಮಿಷದಲ್ಲಿ ಅಲ್ಲೊಂದು ತಲೆಗಾತ್ರದ ಗುಂಪು ಗುಂಯ್‌ಗುಡತೊಡಗಿತು. ದಣಿದವು ಕೆಳಗಿಳಿದು, ಪೆಟ್ಟಿಗೆಯಡಿ ಇಟ್ಟಿದ್ದ ಬರಿಯ ಇಟ್ಟಿಗೆಯ ಮೇಲೆ ತೆವಳಿದವು. ನಾಲ್ಕು ಅಡಿ ಆಚೆ ಅವುಗಳದೇ ಮನೆ ಬಾಗಿಲು ತೆರೆದುಕೊಂಡಿತ್ತು.

"ಪಕ್ಕದಲ್ಲೇ ಇದೆಯಲ್ಲ, ಕಾಣಲ್ವಾ ಇವಕ್ಕೆ?" ಎಂದರು ಹೆಡ್‌ಮಾಸ್ಟರು.

"ನಿಮ್ಮ ಮನೇನ ಯಾರೋ ಪಕ್ಕದ ಬೀದೀಲಿ ಇಟ್ರೆ ನೀವು ಎಲ್ಲಿಗೆ ಹೋಗ್ತೀರಿ ಸಾರ್?"

ಅವಳು ಬರಿಗೈಯಲ್ಲೇ ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ತಂದಿಟ್ಟಳು. ಗುಂಪು ಕರಗಿ, ಸಾಲುಗಟ್ಟಿ ಒಳಗೆ ನುಗ್ಗಿತು. ಇಟ್ಟಿಗೆಯ ಮೇಲಿದ್ದವನ್ನು ರಟ್ಟಿನ ಚೂರಿನಲ್ಲಿ ಎತ್ತಿ ಬಾಗಿಲಿಗೆ ಬಿಟ್ಟಳು.

ಇನ್‌ಸ್ಪೆಕ್ಟರ್ ಗುಂಡಿಯೊಂದನ್ನು ಬಿಚ್ಚಿಕೊಂಡು ಫಾರಂ ತೆಗೆದ. "ಒಂದು ಕೆಲಸ ಮಾಡ್ತೀನಿ ಅಕ್ಕ. ಪಾಲಿಸಲಾಗಿದೆ ಅಂತ ಟಿಕ್ ಹಾಕ್ಬಿಡ್ತೀನಿ. ಗುರುವಾರ ಹೇಗೂ ಮುಗಿಯುತ್ತಲ್ಲ."

ತಲೆಯಾಡಿಸಿದರೆ ಸಾಕಿತ್ತು. ಅವಳು ಆಡಿಸಲಿಲ್ಲ.

"ಬೇಡ. ಆಗದೇ ಇರೋದನ್ನ ಆಯ್ತು ಅಂತ ಬರೀಬೇಡಿ. ಇಪ್ಪತ್ತಾರು ವರ್ಷದಿಂದ ಬೈಂಡಿಂಗ್ ಮಾಡ್ತಿದೀನಿ, ಅಂಟು ಒಣಗೋ ಮುಂಚೆ ಒಂದು ಪುಸ್ತಕಾನೂ ಕೈಬಿಟ್ಟಿಲ್ಲ. ಪಾಲಿಸಿಲ್ಲ ಅಂತಲೇ ಬರೀರಿ. ಯಾಕೆ ಅನ್ನೋದನ್ನೂ ಬರೀರಿ."

"ಅದಕ್ಕೆ ಕಾಲಂ..."

"ಹಿಂದುಗಡೆ ಖಾಲಿ ಇದೆ."

ಅವನು ಫಾರಂ ಮಗುಚಿದ. ಅವಳು ಹೇಳಿದಳು, ಅವನು ಬರೆದ: ದಿನಕ್ಕೆ ಒಂದಡಿ, ಸಂಜೆ, ಹುಳ ಒಳಸೇರಿದ ಮೇಲೆ; ಒಮ್ಮೆಗೇ ಸರಿಸಿದರೆ ಹಳೆಯ ಜಾಗದಲ್ಲಿ ಹುಳದ ಗುಂಪು; ಉಳಿದದ್ದು ನಾಲ್ಕು ದಿನ. ಕೆಳಗೆ ಅವಳು ಸಹಿ ಹಾಕಿದಳು.

"ಸಾಕ್ಷಿ ಬೇಡ್ವಾ?" ಎಂದರು ಹೆಡ್‌ಮಾಸ್ಟರು, ಕಾಂಪೌಂಡಿನ ಮೇಲಿಂದ ಕೈ ಚಾಚಿ. "ಕೊಡಿ ಇಲ್ಲಿ. ಗುಂಪು ಅಂತ ಬರೆದಿದೀರಿ, ಎಷ್ಟು ದೊಡ್ಡದು ಅಂತ ಬರೆದಿಲ್ಲ." ತಾವೇ ತುಂಬಿ ಸಹಿ ಮಾಡಿದರು. "ದೂರು ಮಾತ್ರ ವಾಪಸ್ ತಗೊಳಲ್ಲ. ಶರ್ಟ್ ಶರ್ಟೇ."

"ತಗೋಬೇಡಿ ಸಾರ್," ಎಂದಳು ಬೈಂಡಿಂಗ್ ಅಕ್ಕ. ಗಾಡಿ ಖಾಲಿಯಾಗೇ ವಾಪಸು ಹೋಯಿತು.

ಅಂದಿನಿಂದ ಪ್ರತಿ ಸಂಜೆ ಹೆಡ್‌ಮಾಸ್ಟರು ತಮ್ಮ ಅಳತೆಪಟ್ಟಿಯೊಂದಿಗೆ ಗೇಟು ದಾಟಿ ಬಂದರು. ಅವಳು ಪೆಟ್ಟಿಗೆ ಸರಿಸುವವರೆಗೆ ಕಾದು, ಬಗ್ಗಿ ಅಳೆದು, ಬೀದಿಗೆಲ್ಲ ಕೇಳುವಂತೆ "ಹನ್ನೆರಡು!", ಮರುದಿನ "ಹದಿಮೂರು!" ಎಂದು ಕೂಗಿದರು.

ಶುಕ್ರವಾರ ಇನ್‌ಸ್ಪೆಕ್ಟರ್ ಒಬ್ಬನೇ ಬಂದ. ಸರಿಯಾಗಿ ಹದಿನೈದು. ಟಿಕ್ ಹಾಕಿದ ಮೇಲೂ ಹೊರಡದೆ ಪೆಟ್ಟಿಗೆಯತ್ತ ನೋಡುತ್ತಾ ನಿಂತ.

"ಇನ್ನೂ ಒಂಬತ್ತು ಮನೆಗೆ ನೋಟೀಸ್ ಹೋಗಿದೆ ಅಕ್ಕ. ನಾಳೆ ಅವರ ಪೆಟ್ಟಿಗೆ ಎತ್ತಿಸ್ಬೇಕು. ಮೇಲಿನವರಿಗೆ ನಾನು ಹೇಳಿದ್ರೆ ಕೇಳಲ್ಲ. ನೀವು ಬಂದು ಹೇಳ್ತೀರಾ?"

ಅವಳು ಒಳಗೆ ಹೋಗಿ ಪ್ರೆಸ್ಸಿಗೆ ಫೋನ್ ಮಾಡಿ ಇನ್ನೊಂದು ಅರ್ಧ ದಿನ ರಜೆ ಕೇಳಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು.

"ನಡೀರಿ. ಆ ಕೌಂಟರಿನವನಿಗೂ ಅಲ್ಲೇ ಇರೋಕೆ ಹೇಳಿ, ಅವನೂ ಕೇಳಿಸ್ಕೊಳ್ಳಲಿ."