ಬೇರೆ ಥರದ ಬ್ಯಾಟರಿ

ಅಮೆರಿಕದ ಉತ್ತರ ಮಿನೆಸೋಟದ ಆ ಊರಿನಲ್ಲಿ ಯಾರೂ ಯಾವುದನ್ನೂ ಕೆಟ್ಟದ್ದು ಅನ್ನುವುದಿಲ್ಲ. ಕಾಫಿ ಕಲಗಚ್ಚಿನಂತಿದ್ದರೂ, ಪಾದ್ರಿ ಕೊರೆದು ಕೊರೆದು ಸಾಯಿಸಿದರೂ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹ್ಞಾಂ, ಇದು ಬೇರೆ ಥರ ಇದೆ’ ಅನ್ನುತ್ತಾರೆ. ಅಷ್ಟು ಸಾಕು. ಅನ್ನಿಸಿಕೊಂಡವನಿಗೆ ಆವತ್ತು ಊಟ ಸೇರುವುದಿಲ್ಲ.

ಈ ಮಾತನ್ನು ವರ್ಲಿನ್ ಟಾರ್ವಿಕ್‌ನಷ್ಟು ಹರಿತವಾಗಿ ಆಡುವವರು ಸುತ್ತಮುತ್ತ ಇರಲಿಲ್ಲ. ಹೋದ ಭಾನುವಾರ ಚರ್ಚಿನ ಊಟದಲ್ಲಿ ಅದೇ ಊರಿನ ಕರ್ಟಿಸ್ ಮಾಕಿಯ ಹೆಂಡತಿ ಮಾಡಿದ ಹಣ್ಣಿನ ಪೈ ತಿಂದು ಅದನ್ನೇ ಅಂದಿದ್ದ. ಡುಲೂತ್‌ನಿಂದ ಹೊಸದಾಗಿ ಬಂದ ಆಕೆ ಅಡುಗೆಮನೆಗೆ ಹೋಗಿ ಅತ್ತಳು. ಮನೆಗೆ ಬರುವ ದಾರಿಯಲ್ಲಿ ವರ್ಲಿನ್‌ನ ಹೆಂಡತಿ ಆರ್ಡಿಸ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

“ಇನ್ನೊಂದ್ ಸಲ ಆ ಮಾತು ನಿನ್ನ ಬಾಯಿಂದ ಬಂದ್ರೆ, ನಿನ್ನ ದೋಣೀಲಿ ನಾನು ಕೂರಲ್ಲ. ಬೇರೆಯವರ ದೋಣಿಗೆ ಹೋಗ್ತೀನಿ.”

“ಯಾರ್ ದೋಣಿಗೆ ಹೋಗ್ತೀಯ? ಆ ಡಬ್ಬಾಗಳಿಗಾ?” ಎಂದು ವರ್ಲಿನ್ ನಕ್ಕ. ಆದರೆ ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಮದುವೆಯಾದಾಗಿನಿಂದ ದೋಣಿಯ ಮುಂದಿನ ಸೀಟು ಆರ್ಡಿಸ್‌ಳದು. ಅವಳ ಬೆನ್ನು ಕಾಣದೆ ಗಾಳ ಹಾಕಿದ್ದೇ ಇಲ್ಲ ಅವನು.

ಮೀನು ಹಿಡಿಯುವ ಹಂಗಾಮು ಶುರುವಾದ ದಿನ ಇಬ್ಬರೂ ಕೆರೆಗೆ ಬಂದರು. ಆ ಕೆರೆಯ ನೀರನ್ನು ಊರು ಕುಡಿಯುತ್ತದೆ; ಹಾಗಾಗಿ ಪೆಟ್ರೋಲ್ ಎಂಜಿನ್ನಿಗೆ ಅಲ್ಲಿ ಜಾಗವಿಲ್ಲ, ಎಲ್ಲರದೂ ಬ್ಯಾಟರಿಯಿಂದ ಓಡುವ ಕರೆಂಟ್ ಮೋಟರೇ. ದೋಣಿ ಇಳಿಸುವ ಕಟ್ಟೆಯ ಮೇಲೆ ವರ್ಲಿನ್ ಕೈಕಟ್ಟಿ ನಿಂತು, ಒಬ್ಬೊಬ್ಬರ ಬ್ಯಾಟರಿಯನ್ನೂ ಹೆಣ್ಣು ನೋಡಲು ಬಂದ ಬೀಗರ ಹಾಗೆ ನೋಡಿದ.

ಒಬ್ಬ ಕಾರಿನ ಬ್ಯಾಟರಿಯನ್ನೇ ಕಿತ್ತು ತಂದಿದ್ದ. ಕಾರಿನದು ಎಂಜಿನ್ ಎಬ್ಬಿಸಲು ಒಂದು ಗುದ್ದು ಕೊಟ್ಟು ಸುಮ್ಮನಾಗುವಂಥದ್ದು. ಹೊತ್ತುಗಟ್ಟಲೆ ಮೋಟರು ತಿರುಗಿಸು ಅಂದರೆ ನಾಲ್ಕು ಸಲಕ್ಕೇ ಸತ್ತು ಕೂರುತ್ತದೆ. ಇನ್ನೊಬ್ಬ ಚಳಿಗಾಲವೆಲ್ಲ ಬ್ಯಾಟರಿಯನ್ನು ಚಾರ್ಜು ಮಾಡದೆ ಶೆಡ್ಡಿನಲ್ಲಿ ಬಿಟ್ಟು, ಒಳಗಿನ ನೀರು ಹೆಪ್ಪುಗಟ್ಟಿ ಅದರ ಹೊಟ್ಟೆ ಉಬ್ಬಿಸಿದ್ದ. ಕತ್ತೆಗಳು, ಅಂದುಕೊಂಡ ವರ್ಲಿನ್. ಬಾಯಿ ಬಿಡಲಿಲ್ಲ. ಆರ್ಡಿಸ್ ಪಕ್ಕದಲ್ಲೇ ಇದ್ದಳು.

ಅವನ ಬ್ಯಾಟರಿಯಾದರೋ ಸೀಸದ್ದು, ಎತ್ತಿದರೆ ಸೊಂಟ ಮುರಿಯುವಷ್ಟು ಭಾರ. ಸಿಮೆಂಟ್ ನೆಲಕ್ಕೆ ತಾಗಿದರೆ ನೆಲ ಕರೆಂಟು ಹೀರುತ್ತದೆ ಎಂದು ಅವನಪ್ಪ ಹೇಳಿದ್ದರಿಂದ, ಗರಾಜಿನಲ್ಲಿ ಅದಕ್ಕೆ ಹಲಗೆಯ ಪೀಠ. ವೈರು ಕಚ್ಚಿಸುವ ತುದಿಗಳನ್ನು ಅಡುಗೆ ಸೋಡ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತಿದ್ದ. ಮೀಟರ್ ಹಿಡಿದರೆ ಪೂರ್ತಿ ಚಾರ್ಜು ತೋರಿಸುತ್ತಿತ್ತು. ಎಂಟು ವರ್ಷದ ಹಳೇ ಮುದುಕ ಅದು, ಊರಿಗೆಲ್ಲ ಗೊತ್ತು. ಎರೆಹುಳ ಮಾರುವ ಅಂಗಡಿಯ ಡೆಲ್ಬರ್ಟ್ ಒಮ್ಮೆ, “ತಗೊಂಡ್ ಬಾ ಮಾರಾಯ, ಲೋಡ್ ಹಾಕಿ, ಅಂದ್ರೆ ಭಾರದ ಕೆಲಸ ಕೊಟ್ಟು ನೋಡ್ತೀನಿ, ದುಡ್ಡೇನೂ ಬೇಡ. ಮೀಟರ್ ನಂಬ್ಬೇಡ, ಬರೀ ಮುಖ ನೋಡಿ ಹೇಳುತ್ತೆ ಅದು” ಅಂದಿದ್ದ. ಹುಳ ಮಾರುವವನಿಂದ ಬ್ಯಾಟರಿ ಪಾಠವೇ? ವರ್ಲಿನ್ ಆ ಕಡೆ ತಲೆ ಹಾಕಲಿಲ್ಲ.

ಅಷ್ಟರಲ್ಲಿ ಕರ್ಟಿಸ್ ಮಾಕಿ ಬಂದ. ಒಂದೇ ಕೈಯಲ್ಲಿ, ಊಟದ ಬುತ್ತಿ ಹಿಡಿದಂತೆ, ಲಿಥಿಯಂ ಬ್ಯಾಟರಿ ಹಿಡಿದುಕೊಂಡು ಬಂದ.

“ಅಷ್ಟೇನಾ ಭಾರ?” ಎಂದಳು ಆರ್ಡಿಸ್.

“ಅಷ್ಟೇ ಕಣ್ರೀ. ಒಂದೇ ತೊಂದ್ರೆ, ಕೊರೆಯೋ ಚಳೀಲಿ ಚಾರ್ಜ್ ಹಾಕಂಗಿಲ್ಲ, ಕೆಟ್ಟೋಗುತ್ತೆ. ಅದಕ್ಕೆ ಮಲಗೋ ಕೋಣೇಲಿ ಇಟ್ಟಿದ್ದೆ.”

“ಜೋಗುಳ ಹಾಡ್ತಿದ್ದೆಯೇನೋ?” ಎಂದ ವರ್ಲಿನ್.

ಕರ್ಟಿಸ್ ನಕ್ಕ. ಆ ನಗುವಿನಲ್ಲಿ ಕೋಪದ ಸುಳಿವೂ ಇರಲಿಲ್ಲ. ವರ್ಲಿನ್‌ಗೆ ಅದೇ ತಡೆಯಲಾಗಲಿಲ್ಲ. ಚುಚ್ಚಿದರೆ ನೋವಾಗದವನನ್ನು ಏನು ಮಾಡುವುದು? ದೋಣಿಯಲ್ಲಿ ಹುಟ್ಟು ಬೇರೆ ಇಟ್ಟುಕೊಂಡಿದ್ದಾನೆ, ತನ್ನ ಬ್ಯಾಟರಿಯನ್ನೇ ನಂಬದ ಪುಕ್ಕಲ! ವರ್ಲಿನ್ ಸ್ವಲ್ಪ ಹೊತ್ತು ಸುಮ್ಮನಿದ್ದ. ನಾಲಿಗೆ ತುರಿಸಿತು.

“ಹ್ಞಾಂ,” ಎಂದ. “ಬೇರೆ ಥರ ಇದೆ.”

ಕಟ್ಟೆಯ ಮೇಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಆರ್ಡಿಸ್ ದೋಣಿ ಹತ್ತಿ ತನ್ನ ಸೀಟಿನಲ್ಲಿ ಕೂತಳು. ಬದುಕಿದೆ, ಬರೀ ಬಾಯಿಮಾತಿನ ಬೆದರಿಕೆ ಅದು, ಅಂದುಕೊಂಡು ವರ್ಲಿನ್ ಮೋಟರು ಹಾಕಿದ.

ಕೆರೆಯ ನಡು ದಾಟುವ ಹೊತ್ತಿಗೆ ಗಾಳಿ ಎದ್ದಿತು. ಗಾಳಿಗೆ ಎದುರಾಗಿ ಮೋಟರಿನ ವೇಗ ಹೆಚ್ಚಿಸಿದ. ಅದು ಗೊಣಗಿತು, ಮುಕ್ಕಿರಿಯಿತು, ನಿಂತೇ ಹೋಯಿತು. ಮೀಟರ್ ತೋರಿಸಿದ್ದೆಲ್ಲ ಮೇಲಿನ ಕೆನೆ. ಕೆಳಗೆ ಹಾಲೇ ಇರಲಿಲ್ಲ. ಬ್ಯಾಟರಿಯ ಮುಚ್ಚಳ ತೆಗೆದು ಇಣುಕಿದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಬಿಳಿ ಹಿಟ್ಟು, ಅವನ್ನು ಮುಳುಗಿಸಬೇಕಾದ ನೀರು ಎಷ್ಟೋ ಕೆಳಗೆ. ಹೊರಗೆ ಉಜ್ಜಿದ್ದೇ ಉಜ್ಜಿದ್ದು, ಮಹಾರಾಯ ಒಳಗೆ ಇಣುಕಿಯೇ ಇರಲಿಲ್ಲ.

“ಹುಟ್ಟು ಎಲ್ಲಿ?” ಎಂದಳು ಆರ್ಡಿಸ್.

“ತಂದಿಲ್ಲ.”

“ಯಾಕೆ?”

ವರ್ಲಿನ್ ಬ್ಯಾಟರಿಯ ಮುಚ್ಚಳ ಮತ್ತೆ ಹಾಕತೊಡಗಿದ. ದೋಣಿ ಅಡ್ಡಡ್ಡ ತೇಲಿ, ಊರೆಲ್ಲ ನೋಡುತ್ತಿರುವಾಗಲೇ, ಜೊಂಡಿನೊಳಗೆ ಹೋಗಿ ಸಿಕ್ಕಿಕೊಂಡಿತು.

ಬಂದವನು ಕರ್ಟಿಸ್. ಸದ್ದಿಲ್ಲದೆ ಬಂದು ಹಗ್ಗ ಎಸೆದ. ವರ್ಲಿನ್ ಅದನ್ನು ಕಟ್ಟುತ್ತ, ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಕಾದ. ತಾನಾಗಿದ್ದರೆ ಅಂದಿರುತ್ತಿದ್ದ, ವರ್ಷವಿಡೀ ಅನ್ನುತ್ತಿದ್ದ.

“ಎಂಟು ವರ್ಷ ಬಂತಲ್ಲ, ಅದೇ ದೊಡ್ಡದು ಬಿಡಿ,” ಎಂದ ಕರ್ಟಿಸ್. ಥೂ, ಈ ಒಳ್ಳೆಯತನಕ್ಕಿಂತ ಎರಡು ಬೈದಿದ್ದರೇ ವಾಸಿಯಿತ್ತು. “ಗಾಳಿ ಜೋರಿದೆ, ನಿಮ್ಮ ದೋಣಿ ಹಗುರ ಆದ್ರೆ ಎಳೆಯೋದು ಸಲೀಸು. ಒಬ್ಬರು ಈ ಕಡೆ ಬನ್ನಿ. ನನ್ನ ಹೆಂಡತಿಗೆ ನೀರು ಅಂದ್ರೆ ಭಯ, ಮುಂದಿನ ಸೀಟು ಯಾವಾಗ್ಲೂ ಖಾಲಿ.”

ವರ್ಲಿನ್ ಏಳುವುದರೊಳಗೆ ಆರ್ಡಿಸ್ ದಾಟಿಯಾಗಿತ್ತು. ಗಾಳದ ಕೋಲು, ಕಾಫಿಯ ಫ್ಲಾಸ್ಕು, ಕೊನೆಗೆ ಅವಳೇ ಹೊಲಿದ ಸೀಟಿನ ದಿಂಬನ್ನೂ ಕೈಚಾಚಿ ಎತ್ತಿಕೊಂಡಳು. ಕಟ್ಟೆಯವರೆಗೆ ಹೋಗಲು ದಿಂಬು ಯಾಕೆ ಎಂದು ಕೇಳಬೇಕೆಂದುಕೊಂಡ; ಕೇಳಲು ಧೈರ್ಯ ಬರಲಿಲ್ಲ.

ಹಗ್ಗ ಬಿಗಿಯಾಯಿತು. ಕರ್ಟಿಸ್‌ನ ದೋಣಿ ಎರಡು ದೋಣಿಗಳ ಭಾರ ಹೊತ್ತು ಗಾಳಿಗೆ ಎದುರಾಗಿ ಸರಾಗವಾಗಿ ಹೊರಟಿತು. ವರ್ಲಿನ್ ಸತ್ತ ಬ್ಯಾಟರಿಯ ಪಕ್ಕ ಕೂತು ಮುಂದೆ ನೋಡಿದ. ಆರ್ಡಿಸ್‌ಳ ಬೆನ್ನು ಕಾಣುತ್ತಿತ್ತು, ಆದರೆ ಹಗ್ಗದಷ್ಟು ದೂರದಲ್ಲಿ, ಇನ್ನೊಬ್ಬನ ದೋಣಿಯಲ್ಲಿ.

“ಆರ್ಡಿಸ್!” ಎಂದು ಕೂಗಿದ. “ಹೇಗಿದೆ ಅಲ್ಲಿ?”

ಅವಳು ಮೊದಲು ದಿಂಬು ಸರಿಮಾಡಿಕೊಂಡಳು, ಕರ್ಟಿಸ್‌ಗೆ ಕಾಫಿ ಬಗ್ಗಿಸಿ ಕೊಟ್ಟಳು, ಆಮೇಲೆ ತಿರುಗಿದಳು. ಅವಳ ಮುಖ ಅರಳಿತ್ತು.

“ಬೇರೆ ಥರ ಇದೆ!” ಎಂದಳು.

ಅದರಲ್ಲಿ ಚುಚ್ಚು ಇದೆಯೇ ಎಂದು ವರ್ಲಿನ್ ಹುಡುಕಿದ. ಇರಲಿಲ್ಲ. ಆ ಊರಿನಲ್ಲಿ ಮೊದಲ ಸಲ ಯಾರೋ ಆ ಮಾತನ್ನು ನಿಜವಾದ ಅರ್ಥದಲ್ಲೇ ಆಡಿದ್ದರು. ಕಟ್ಟೆ ಮುಟ್ಟಿದ ಮೇಲೆ ಅವನು ಸೊಂಟ ಹಿಡಿದುಕೊಂಡು ಬ್ಯಾಟರಿ ಇಳಿಸುತ್ತಿರುವಾಗ, ಮುಂದಿನ ವಾರ ದೋಣಿಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಆರ್ಡಿಸ್ ಕೇಳುತ್ತಿದ್ದಳು. ಕೇಳಿದ್ದು ಕರ್ಟಿಸ್‌ನನ್ನು.