ಹಂದಿಮೀನಿಗೆ ಹಾಕಿದ ಕಾಸು

"ಕಾಸಾಕ್ಬೇಡ್ರಪ್ಪಾ! ನಿಮ್ ದಮ್ಮಯ್ಯ, ನೀರಿಗೆ ಕಾಸಾಕ್ಬೇಡಿ!"

ಕೂಗಿ ಕೂಗಿ ತೊಟ್ಟಿ ಕಾಯುವ ಆಳು ಮಹದೇವುವಿನ ಗಂಟಲು ಕಟ್ಟಿಹೋಗಿತ್ತು. ಕೇಳುವವರು ಯಾರು? ನೀರು ಕಂಡಲ್ಲಿ ಕಾಸು ಹಾಕಿ ಕೈಮುಗಿಯುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದದ್ದು. ಹೊಳೆಯಾದರೇನು, ಕಲ್ಯಾಣಿಯಾದರೇನು, ದಸರಾಕ್ಕೆಂದು ಬನ್ನಿಮಂಟಪದ ಬಯಲಲ್ಲಿ ಎಬ್ಬಿಸಿದ ಡೇರೆಯೊಳಗಿನ ತಗಡಿನ ತೊಟ್ಟಿಯಾದರೇನು!

ತೊಟ್ಟಿಯಲ್ಲಿದ್ದದ್ದು ಕಾರವಾರದ ಕಡೆ ಬಲೆಗೆ ಬಿದ್ದ ಒಂದು ಹಂದಿಮೀನು, ಡಾಲ್ಫಿನ್ ಜಾತಿಯದು. ಎಳೆಗರುವಿನಷ್ಟು ಮೈ, ಕೂಸಿನ ಹಾಗೆ ದುಂಡು ಮುಖ. ಕಂಟ್ರಾಕ್ಟರ್ ಶಾಮಣ್ಣ ಅದನ್ನು ಲಾರಿಯಲ್ಲಿ ತರಿಸಿ, ನಲ್ಲಿನೀರಿಗೆ ಉಪ್ಪಿನ ಮೂಟೆ ಸುರಿದು ಸಮುದ್ರ ಮಾಡಿದ್ದ. ಹಂದಿ ಎಂದರೆ ಯಾರು ಟಿಕೆಟ್ ಕೊಳ್ಳುತ್ತಾರೆಂದು ಬಾಗಿಲಿಗೆ 'ಮತ್ಸ್ಯಾವತಾರ' ಎಂಬ ಬೋರ್ಡನ್ನೂ ಹಾಕಿಸಿದ. ಅರಿಶಿನ, ಕುಂಕುಮ, ಹೂವು ಬಿದ್ದವು. ಹಿಂದೆಯೇ ಕಾಸೂ ಬಿದ್ದವು. ಮಹದೇವು ಎಸೆಯುವ ಮೀನಿಗೆ ಬಾಯೊಡ್ಡಿ ರೂಢಿಯಾಗಿದ್ದ ಆ ಮೂಕಪ್ರಾಣಿ, ಯಾರು ಏನೆಸೆದರೂ ನುಂಗುತ್ತಿತ್ತು.

ಅಂದು ಬೆಳಿಗ್ಗೆ ದನದ ಡಾಕ್ಟರು ಕೃಷ್ಣಸ್ವಾಮಿಯವರು ಬಂದು ಅದರ ಹೊಟ್ಟೆ ಸವರಿ ತಲೆಯಾಡಿಸಿದ್ದರು.

"ಒಳಗೆಲ್ಲ ಕಾಸೇ ಕಣ್ರೀ ಶಾಮಣ್ಣ. ಇನ್ನೊಂದು ಬಿದ್ರೂ ಉಳಿಯೋದು ಕಷ್ಟ. ಸುಮ್ನೆ ಸಮುದ್ರಕ್ಕೆ ಬಿಡಿಸಿ."

"ಇವತ್ತು ಜಂಬೂಸವಾರಿ ಜನ ಬಂದು ಹೋಗ್ಲಿ ಸ್ವಾಮಿ. ನಾಳೆ ಬೆಳಗಾಗ್ತಲೂ ಲಾರಿ ಹತ್ತಿಸ್ತೀನಿ. ಮಹದೇವು ನೋಡ್ಕೋತಾನೆ."

ಹಾಗೆ ಒಂದು ಜೀವ ಒಂದು ದಿನದ ಮಟ್ಟಿಗೆ ಮಹದೇವುವಿನ ಕೈಗೆ ಬಂತು. ಅದು ಮೇಲೆದ್ದು ಉಸಿರು ಬಿಟ್ಟಾಗಲೆಲ್ಲ ದಣಿದ ಮನುಷ್ಯರ ನಿಟ್ಟುಸಿರು ಕೇಳಿದಂತಾಗಿ ಅವನು ತಿರುಗಿ ನೋಡುತ್ತಿದ್ದ. ಕಾಲು ಸೇದುತ್ತಿದ್ದರೂ ಕೂರದೆ, ಬೈದವರಿಂದ ಬೈಸಿಕೊಂಡು, ಎಸೆಯಲು ಎತ್ತಿದ ಕೈಗಳನ್ನೆಲ್ಲ ಹಿಡಿದು ಇಳಿಸುತ್ತ ಸಂಜೆಯವರೆಗೂ ಕಾದ.

ಡೇರೆ ಮುಚ್ಚುವ ಹೊತ್ತಿಗೆ ಜನರ ನಡುವಿನಿಂದ ಅವನ ತಾಯಿ ಬೋರಮ್ಮ ಬಂದಳು. ಊರಿನಿಂದ ನಡೆದೇ ಬಂದಿದ್ದಳು, ಪಾದವೆಲ್ಲ ಧೂಳು.

"ಎಂಗಿದ್ದೀಯ ಮಗ? ಕೆಂಚಿಗೆ ಈ ಸಲನಾರ ಕೂಸು ಉಳೀಲಿ ಅಂತ ಅರಕೆ ಒತ್ತಿವ್ನಿ," ಎಂದು ಸೆರಗಿನ ಗಂಟು ಬಿಚ್ಚಿದಳು.

ಮಹದೇವು ಅವಳ ಕೈ ಹಿಡಿದುಕೊಂಡ. "ಬ್ಯಾಡ ಕಣವ್ವ. ಕಾಸು ನುಂಗಿ ನುಂಗಿ ಸಾಯ್ತಾ ಅದೆ."

"ಬುಡ್ತು ಅನ್ನು! ದ್ಯಾವ್ರು ಸಾಯ್ತದಾ?"

"ದ್ಯಾವ್ರಲ್ಲ ಕಣವ್ವ ಅದು. ಬರೀ ಮೀನು."

ಬೋರಮ್ಮ ಸಿಟ್ಟಾಗಲಿಲ್ಲ. ಮಗನ ಮುಖವನ್ನೇ ನೋಡಿದಳು. "ಎಲ್ಡು ಕೂಸ ಈ ಕೈಯಾಗೇ ಮಣ್ಣು ಮಾಡಿವ್ನಿ ಕಣ್ಲಾ. ಇನ್ನ ನನ್ ಕೈಲಾಗಕಿಲ್ಲ."

ಅವನು ಹಿಡಿದಿದ್ದದ್ದು ಅದೇ ಕೈ. ಮನೆಯಲ್ಲಿ ಹೆಂಡತಿ ಕೆಂಚಮ್ಮನಿಗೆ ದಿನ ತುಂಬಿತ್ತು. ನೋವು ಬಂತೆಂಬ ಸುದ್ದಿಗೆ ಅವನೂ ಹೆದರುತ್ತಲೇ ಇದ್ದ. ದಿನವಿಡೀ ಊರವರ ಕೈಗಳನ್ನೆಲ್ಲ ಹಿಡಿದು ಇಳಿಸಿದವನು ತಾಯಿಯ ಕೈ ಬಿಟ್ಟ.

ಬೋರಮ್ಮ ಕಾಸನ್ನು ಕಣ್ಣಿಗೊತ್ತಿಕೊಂಡು ನೀರಿಗೆ ಹಾಕಿದಳು. ಹಂದಿಮೀನು ಮೆಲ್ಲಗೆ ಮೇಲೆ ಬಂದು ಬಾಯಿ ತೆರೆಯಿತು.

"ಇಸ್ಕೊಂಡ ಮಗ! ಸ್ವಾಮಿ ಇಸ್ಕೊಂಡ!" ಮುದುಕಿ ಗಳಗಳನೆ ಅತ್ತಳು.

ಹಿಂದಿದ್ದ ಹೆಂಗಸರೂ ಗಂಟು ಬಿಚ್ಚತೊಡಗಿದರು. ಬೇಡವೆನ್ನಲು ಮಹದೇವು ತಿರುಗಿದ. "ಕೈಮುಗಿ ಮಗ," ಎಂದಳು ತಾಯಿ, ಅಳುತ್ತಲೇ.

ಅವನು ಹಂದಿಮೀನಿನ ಕಡೆ ನೋಡದೆ ಕೈಮುಗಿದ.